ಅಕ್ವೇರಿಯಂ ನೀರು ಹಸಿರಾದರೆ: ತೊಳೆಯುವ ಮೊದಲು ಇದನ್ನು ಓದಿ

ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಮನೆಯ ಎರಡಡಿ ಟ್ಯಾಂಕಿನ ನೀರು ಕನ್ನಡಿಯಂತಿತ್ತು. ದೀಪಾವಳಿ ಕಳೆದು ಹದಿನೈದು ದಿನಕ್ಕೆ ಅದಕ್ಕೊಂದು ಹಸಿರು ಛಾಯೆ ಬಂತು. ಇನ್ನೊಂದು ವಾರಕ್ಕೆ ಪಾಲಕ್ ಸೊಪ್ಪು ಬಸಿದ ನೀರಿನ ಹಾಗಾಯಿತು. ಒಳಗಿದ್ದ ಮೂರು ಗೋಲ್ಡ್‌ಫಿಶ್‌ಗಳು ಗಾಜಿನ ಹತ್ತಿರ ಬಂದಾಗ ಮಾತ್ರ ಕಿತ್ತಳೆ ನೆರಳಿನಂತೆ ಕಾಣಿಸಿ ಮತ್ತೆ ಹಸಿರಿನಲ್ಲಿ ಮರೆಯಾಗುತ್ತಿದ್ದವು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪೂರ್ತಿ ನೀರು ಖಾಲಿ ಮಾಡಿ, ಕಲ್ಲುಗಳನ್ನು ಬಿಸಿನೀರಿನಲ್ಲಿ ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಹೊಸದರಂತೆ ಮಾಡಿ, ಹೊಸ ನೀರು ತುಂಬಿಸಿದೆ. ಐದನೆಯ ದಿನಕ್ಕೆ ಮತ್ತೆ ಹಸಿರು. ಮತ್ತೆ ತೊಳೆದೆ. ಮೂರನೆಯ ಸಲ ತೊಳೆದ ಮೇಲೆ ಎರಡು ಮೀನು ಸತ್ತವು. ಪಾಚಿ ಅವನ್ನು ಕೊಲ್ಲಲಿಲ್ಲ, ನಾನು ತೊಳೆದದ್ದೇ ಕೊಂದಿತು. ಇದು ಅರ್ಥವಾಗಲು ನನಗೆ ಒಂದಿಡೀ ಚಳಿಗಾಲ ಹಿಡಿಯಿತು. ನಿಮ್ಮ ಮೀನುಗಳಿಗೆ ಆ ಗತಿ ಬರಬಾರದೆಂದು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಸಿರು ನೀರನ್ನು ಕೊಳೆ ಎಂದುಕೊಳ್ಳುವುದೇ ಮೊದಲ ತಪ್ಪು. ಅದು ಬೆಳೆ. ಕ್ಲೋರೆಲ್ಲಾ, ಯುಗ್ಲೀನಾ, ಕ್ಲಾಮಿಡೊಮೊನಾಸ್‌ನಂಥ ಒಂದೇ ಕೋಶದ ಪಾಚಿಗಳು ನೀರಿನಲ್ಲಿ ತೇಲುತ್ತ ಕೋಟಿಗಟ್ಟಲೆ ಬೆಳೆದಿರುತ್ತವೆ. ಬಹುಪಾಲು ಕೋಶಗಳ ಗಾತ್ರ ಹತ್ತು ಮೈಕ್ರಾನಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ನಮ್ಮ ತಲೆಗೂದಲಿನ ದಪ್ಪವೇ ಎಪ್ಪತ್ತು ಮೈಕ್ರಾನಿನಷ್ಟು. ಹಾಗಾಗಿ ಸ್ಪಂಜಿನ ಫಿಲ್ಟರು ದಿನವಿಡೀ ಓಡಿದರೂ ಅವು ಜರಡಿಯಲ್ಲಿ ಹಿಟ್ಟು ಇಳಿದಂತೆ ಸಲೀಸಾಗಿ ದಾಟಿಹೋಗುತ್ತವೆ. ಅರ್ಧ ನೀರು ಬದಲಿಸಿದಿರೆನ್ನಿ, ಅರ್ಧ ಪಾಚಿ ಉಳಿಯಿತು. ಬೆಳಕು, ಗೊಬ್ಬರ ಎರಡೂ ಇದ್ದರೆ ಅದು ಒಂದೆರಡು ದಿನದಲ್ಲಿ ಮತ್ತೆ ಇಮ್ಮಡಿಯಾಗುತ್ತದೆ. ಬರೀ ನೀರು ಬದಲಿಸಿ ಇದನ್ನು ಗೆಲ್ಲಲಾಗದು ಎನ್ನುವುದಕ್ಕೆ ಈ ಒಂದು ಲೆಕ್ಕ ಸಾಕು.

ಮೀನು ಸಾಕುವ ರೈತರು ಇದೇ ಹಸಿರಿಗಾಗಿ ಹೊಂಡಕ್ಕೆ ಸಗಣಿ ಹಾಕುತ್ತಾರೆ. ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ, ಅಂಗೈ ಎಷ್ಟು ಆಳದಲ್ಲಿ ಮಾಯವಾಗುತ್ತದೆ ಎಂದು ನೋಡಿ ನೀರಿನ ಹದ ತಿಳಿಯುತ್ತಾರೆ. ಕಾಟ್ಲಾ ಮರಿಗಳಿಗೆ ಬೇಕಾದ ಸೂಕ್ಷ್ಮಜೀವಿಗಳು ಬೆಳೆಯುವುದು ಆ ನೀರಿನಲ್ಲೇ. ಆದ್ದರಿಂದ ಟ್ಯಾಂಕಿನ ನೀರು ಹಸಿರಾದ ತಕ್ಷಣ ಮೀನಿಗೆ ವಿಷವಾಯಿತೆಂದು ಗಾಬರಿಯಾಗಬೇಡಿ. ನಿಮಗೆ ಯೋಚಿಸಲು ಬೇಕಾದಷ್ಟು ಸಮಯವಿದೆ.

ಮೊದಲು ಬಣ್ಣ ಗುರುತಿಸಿ

ಗಾಜಿನ ಲೋಟದಲ್ಲಿ ಟ್ಯಾಂಕಿನ ನೀರು ತೆಗೆದು ಬಿಳಿ ಹಾಳೆಯ ಮೇಲಿಡಿ. ಪಕ್ಕದಲ್ಲಿ ಇನ್ನೊಂದು ಲೋಟ ಕುಡಿಯುವ ನೀರಿಡಿ. ಟ್ಯಾಂಕಿನೊಳಗೆ ಬಣ್ಣ ಮೋಸ ಮಾಡುತ್ತದೆ. ಹಿಂದಿನ ಪೋಸ್ಟರು, ಕಲ್ಲು, ಎಲ್‌ಇಡಿ ಎಲ್ಲ ಸೇರಿ ಬೂದು ನೀರನ್ನೂ ಹಸಿರಾಗಿ ತೋರಿಸುತ್ತವೆ.

ಲೋಟದ ನೀರೇ ಹಸಿರಾಗಿದ್ದರೆ ತೇಲುವ ಪಾಚಿ, ಈ ಬರಹ ಮುಖ್ಯವಾಗಿ ಅದರ ಬಗ್ಗೆ. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಮಬ್ಬಾಗಿದ್ದರೆ ಅದು ಬ್ಯಾಕ್ಟೀರಿಯಾ. ಅದಕ್ಕೆ ಮದ್ದು ಬೇರೆ, ಕೊನೆಯ ಭಾಗದಲ್ಲಿ ಹೇಳಿದ್ದೇನೆ. ತೆಳು ಚಹಾದಂತೆ ಕಂದಾಗಿದ್ದು ಪಾರದರ್ಶಕವಾಗಿದ್ದರೆ ಟ್ಯಾಂಕಿಗೆ ಹಾಕಿದ ಮರದ ತುಂಡು ಬಿಟ್ಟ ಬಣ್ಣ. ಅದರಿಂದ ತೊಂದರೆಯಿಲ್ಲ, ಬೇಡವೆನಿಸಿದರೆ ಫಿಲ್ಟರಿಗೆ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿದರೆ ಹೋಗುತ್ತದೆ. ಇನ್ನೂ ಅನುಮಾನವಿದ್ದರೆ ಲೋಟವನ್ನು ಅಲುಗಾಡಿಸದೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಕೆಸರು ಕೂತು ಮೇಲಿನ ನೀರು ತಿಳಿಯಾಗಿದ್ದರೆ ಅದು ಬರೀ ಜಲ್ಲಿಯ ದೂಳು. ಪಾಚಿಯಾಗಿದ್ದರೆ ಹಸಿರು ಹಾಗೇ ತೇಲುತ್ತಿರುತ್ತದೆ.

ನೀರು ತಿಳಿಯಾಗಿದ್ದು ಗಾಜು, ಕಲ್ಲುಗಳ ಮೇಲೆ ಮಾತ್ರ ಹಸಿರು ಅಂಟಿದ್ದರೆ ಅದು ಬೇರೆ ಜಾತಿಯ ಪಾಚಿ. ಕೆರೆದು ತೆಗೆಯಿರಿ, ಲೈಟು ಕಡಿಮೆ ಮಾಡಿ, ಅಷ್ಟೇ.

ಬೆಳಕು ಎಲ್ಲಿಂದ ಬರುತ್ತಿದೆ?

ನಮ್ಮ ಟ್ಯಾಂಕು ಐದು ತಿಂಗಳು ಚೆನ್ನಾಗಿದ್ದು ನವೆಂಬರಿನಲ್ಲಿ ಕೆಟ್ಟದ್ದಕ್ಕೆ ಕಾರಣ ಆಕಾಶದಲ್ಲಿತ್ತು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ದಕ್ಷಿಣದ ಕಿಟಕಿಗೆ ಆಗ ನೇರ ಬಿಸಿಲೇ ಇಲ್ಲ. ದೀಪಾವಳಿಯ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ; ಡಿಸೆಂಬರ್ ಕೊನೆಗೆ ಮಧ್ಯಾಹ್ನದಲ್ಲೂ 54 ಡಿಗ್ರಿಗಿಂತ ಮೇಲೇರುವುದಿಲ್ಲ. ಸಜ್ಜಾದ ಕೆಳಗಿನಿಂದ ನುಗ್ಗಿದ ಬಿಸಿಲು ಹಾಲ್‌ನ ನೆಲದ ಮೇಲೆ ಉದ್ದಕ್ಕೆ ಬೀಳುತ್ತದೆ. ನಮ್ಮ ಟ್ಯಾಂಕಿನ ಹಿಂಭಾಗಕ್ಕೆ ದಿನಕ್ಕೆ ಮೂರು ಗಂಟೆ ಬೀಳುತ್ತಿತ್ತು. ನಾನು ಕೆಲಸದಲ್ಲಿರುವ ಹೊತ್ತು ಅದು, ಹಾಗಾಗಿ ಕಣ್ಣಿಗೇ ಬಿದ್ದಿರಲಿಲ್ಲ. ಒಂದು ಭಾನುವಾರ ಅಲ್ಲೇ ಕೂತು ನೋಡಿದಾಗ, ಬಿಸಿಲು ತಾಗಿದ ಬದಿಯ ನೀರು ಉಳಿದದ್ದಕ್ಕಿಂತ ಗಾಢವಾಗಿ ಹೊಳೆಯುತ್ತ, ಒಳಗೆ ಸಣ್ಣ ಹಸಿರು ಮೋಡ ಎದ್ದಂತೆ ಕಾಣಿಸಿತು.

ನೀವೂ ಒಂದು ರಜಾದಿನ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಟ್ಯಾಂಕಿನ ಹತ್ತಿರ ಹೋಗಿ ನೋಡಿ. ಎದುರು ಮನೆಯ ಗಾಜಿನಿಂದ ಪ್ರತಿಫಲಿಸಿದ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಬಿಸಿಲು ಬೀಳುತ್ತಿದ್ದರೆ ಟ್ಯಾಂಕು ಸರಿಸಿ. ಆಗದಿದ್ದರೆ ಆ ಬದಿಯ ಗಾಜಿಗೆ ಹೊರಗಿನಿಂದ ಕಪ್ಪು ಚಾರ್ಟ್ ಪೇಪರ್ ಅಂಟಿಸಿ, ಅಥವಾ ಕಿಟಕಿಗೆ ದಪ್ಪ ಪರದೆ ಹಾಕಿ. ನೀರು ತುಂಬಿದ ಟ್ಯಾಂಕನ್ನು ಮಾತ್ರ ಎಳೆಯಬೇಡಿ, ಜೋಡಣೆ ಬಿಡುತ್ತದೆ.

ಟ್ಯಾಂಕಿನ ಲೈಟು ದಿನಕ್ಕೆ 6 ರಿಂದ 8 ಗಂಟೆ ಉರಿದರೆ ಧಾರಾಳ. ಅನೇಕರ ಮನೆಯಲ್ಲಿ ಅದು ಬೆಳಿಗ್ಗೆ ಹಾಲು ಕಾಯಿಸುವಾಗ ಹತ್ತಿ, ರಾತ್ರಿ ಟಿವಿ ಆರಿಸುವಾಗ ಆರುತ್ತದೆ. ಟೈಮರ್ ಇರುವ ಪ್ಲಗ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಕ್ವೇರಿಯಂಗೆ ನಾನು ಮಾಡಿದ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ.

ಗೊಬ್ಬರ ಎಲ್ಲಿಂದ ಬರುತ್ತಿದೆ?

ಮೀನಿನ ಆಹಾರದಲ್ಲಿ ಫಾಸ್ಫೇಟ್ ಇದೆ. ತಿನ್ನದೆ ಉಳಿದದ್ದು ಕೊಳೆತರೆ, ತಿಂದದ್ದು ಮಲವಾದರೆ, ಎರಡರಿಂದಲೂ ಮೀನಿಗೆ ವಿಷವಾದ ಅಮೋನಿಯಾ ಬರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಯಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಫಾಸ್ಫೇಟ್, ನೈಟ್ರೇಟ್ ಎರಡೂ ಪಾಚಿಗೆ ಗೊಬ್ಬರವೇ. ಈ ಬ್ಯಾಕ್ಟೀರಿಯಾ ನೆಲೆಯಾಗಲು ಹೊಸ ಟ್ಯಾಂಕಿಗೆ ನಾಲ್ಕರಿಂದ ಆರು ವಾರ ಬೇಕು. ನಾನು ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ಹಿಂಡಿದ್ದು, ಜಲ್ಲಿಗೆ ಬಿಸಿನೀರು ಹೊಯ್ದದ್ದು ಇದೇ ಬ್ಯಾಕ್ಟೀರಿಯಾಗಳ ಮೇಲೆ. ಅಮೋನಿಯಾ ಏರಿತು, ಮೀನು ಸತ್ತವು, ಅದೇ ಅಮೋನಿಯಾ ಪಾಚಿಗೆ ಯೂರಿಯಾ ಎರಚಿದಂತಾಯಿತು. ತೊಳೆದಷ್ಟೂ ಹಸಿರು ಬೇಗ ಮರಳಿದ್ದರ ಗುಟ್ಟು ಇಷ್ಟೇ.

ಇನ್ನೊಂದು ಮೂಲವನ್ನು ನಾವು ಅನುಮಾನಿಸುವುದೇ ಇಲ್ಲ: ಬೋರ್‌ವೆಲ್ ನೀರು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಅಕ್ವೇರಿಯಂನಲ್ಲಿ ನಾವು ಅದನ್ನು 20 ರಿಂದ 40ರೊಳಗೆ ಇಡಲು ಹೆಣಗುತ್ತೇವೆ. ಅಂದರೆ ಮನುಷ್ಯರು ಕುಡಿಯಲು ಯೋಗ್ಯವಾದ ಬೋರ್ ನೀರೇ ಕೆಲವೊಮ್ಮೆ ಟ್ಯಾಂಕಿಗೆ ಗೊಬ್ಬರದ ನೀರಾಗಿರುತ್ತದೆ. ಆರ್‌ಒ ಯಂತ್ರ ಹೊರಬಿಡುವ ವೇಸ್ಟ್ ನೀರನ್ನು ಉಳಿತಾಯವೆಂದು ಟ್ಯಾಂಕಿಗೆ ಹಾಕುವವರಿದ್ದಾರೆ. ಅದರಲ್ಲಿ ಲವಣ, ನೈಟ್ರೇಟ್ ಎಲ್ಲ ಇನ್ನೂ ಮಂದವಾಗಿರುತ್ತದೆ. ಅದನ್ನು ನೆಲ ಒರೆಸಲು ಬಳಸಿ.

ಟೆಸ್ಟ್ ಕಿಟ್ ಇಲ್ಲದಿದ್ದರೂ ಇದನ್ನು ಪರೀಕ್ಷಿಸಬಹುದು. ಮೂರು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಬೋರ್ ನೀರು, ಒಂದಕ್ಕೆ ಒಂದು ದಿನ ತೆರೆದಿಟ್ಟ ನಲ್ಲಿ ನೀರು, ಒಂದಕ್ಕೆ ಆರ್‌ಒ ಅಥವಾ ಮಳೆನೀರು ತುಂಬಿ. ಮೂರಕ್ಕೂ ಒಂದೊಂದು ಚಮಚ ಟ್ಯಾಂಕಿನ ಹಸಿರು ನೀರು ಬೆರೆಸಿ, ಸಾಲಾಗಿ ಬಿಸಿಲಿಗಿಡಿ. ವಾರದ ಕೊನೆಗೆ ಯಾವುದು ಹೆಚ್ಚು ಹಸಿರಾಗಿದೆಯೋ ಆ ನೀರಿನಲ್ಲೇ ಪಾಚಿಯ ಊಟವಿದೆ. ನಮ್ಮ ಮನೆಯಲ್ಲಿ ಬೋರ್ ನೀರಿನ ಬಾಟಲಿ ನಾಲ್ಕೇ ದಿನಕ್ಕೆ ಎದ್ದು ಕಂಡಿತು. ಅಂದಿನಿಂದ ನಾನು ಅರ್ಧ ಬೋರ್, ಅರ್ಧ ಆರ್‌ಒ ಬೆರೆಸಿ ಹಾಕುತ್ತೇನೆ. ಪೂರ್ತಿ ಆರ್‌ಒ ನೀರು ಮಾತ್ರ ಬೇಡ, ಮೀನಿಗೆ ಬೇಕಾದ ಖನಿಜಗಳು ಅದರಲ್ಲಿ ಇರುವುದಿಲ್ಲ.

ಕತ್ತಲೆಯ ನಾಲ್ಕು ದಿನ

ಇದು ದುಡ್ಡಿಲ್ಲದ, ಔಷಧವಿಲ್ಲದ, ಸರಿಯಾಗಿ ಮಾಡಿದರೆ ಹೆಚ್ಚಿನ ಟ್ಯಾಂಕುಗಳಲ್ಲಿ ಫಲ ಕೊಡುವ ವಿಧಾನ. ಬೆಳಕಿಲ್ಲದೆ ತೇಲುವ ಪಾಚಿ ನಾಲ್ಕಾರು ದಿನದಲ್ಲಿ ಸೋಲುತ್ತದೆ. ಮೀನಿಗೆ, ಗಟ್ಟಿ ಬೇರಿನ ಗಿಡಗಳಿಗೆ ಅಷ್ಟು ದಿನ ಕತ್ತಲೆ ದೊಡ್ಡದಲ್ಲ. ಮರಿಗಳು ಇರುವ ಟ್ಯಾಂಕಿಗೆ, ಕಾಯಿಲೆ ಬಿದ್ದ ಮೀನಿಗೆ ಇದನ್ನು ಮಾಡಬೇಡಿ. ಶುರು ಮಾಡುವ ಮೊದಲು ಅಮೋನಿಯಾ ಪರೀಕ್ಷಿಸಿ. ಅದು ಸೊನ್ನೆ ಇಲ್ಲದಿದ್ದರೆ ಎರಡು ಮೂರು ದಿನ, ದಿನಕ್ಕೆ ಕಾಲು ಭಾಗ ನೀರು ಬದಲಿಸಿ ಮೊದಲು ಅದನ್ನು ಇಳಿಸಿ.

1. ಟ್ಯಾಂಕಿನ ನೀರು ಎಷ್ಟೆಂದು ಲೆಕ್ಕ ಹಾಕಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್. 60, 30, 30ರ ಟ್ಯಾಂಕು 54 ಲೀಟರ್. ಜಲ್ಲಿ, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45. ಅರ್ಧ ಅಂದರೆ 22 ಲೀಟರ್, ಒಂದೂವರೆ ಬಕೆಟ್.

2. ಅಷ್ಟು ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಡಿ. ಕ್ಲೋರಿನ್ ಒಂದು ದಿನದಲ್ಲಿ ಬಹುಪಾಲು ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಒಂದೇ ಕೋಣೆಯಲ್ಲಿಟ್ಟರೆ ಎರಡು ನೀರಿನ ಬಿಸಿಯೂ ಸಮವಾಗುತ್ತದೆ. ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ.

3. ಪೈಪಿನಿಂದ ಜಲ್ಲಿಯ ನಡುವಿನ ಕೊಳೆ ಎಳೆಯುತ್ತಲೇ ಅರ್ಧ ನೀರು ಹೊರತೆಗೆಯಿರಿ. ತೆಗೆದ ಹಸಿರು ನೀರಲ್ಲೇ ಸ್ಪಂಜನ್ನು ಎರಡು ಸಲ ಹಿಂಡಿ ಮತ್ತೆ ಹಾಕಿ. ಕಂದು ಬಣ್ಣ ಉಳಿಯಲಿ, ಅದೇ ಅದರ ಆರೋಗ್ಯ.

4. ಹೊಸ ನೀರನ್ನು ನಿಧಾನ ಸುರಿಯಿರಿ. ಲೈಟ್ ಆರಿಸಿ, ಪ್ಲಗ್ ಕಿತ್ತಿಡಿ. ಫಿಲ್ಟರ್ ಓಡುತ್ತಿರಲಿ, ಏರ್ ಪಂಪ್ ಕಡ್ಡಾಯವಾಗಿ ಓಡುತ್ತಿರಲಿ.

5. ಈಗ ಮುಚ್ಚಿ. ಕರಿ ಕಂಬಳಿಗಿಂತ ಒಳ್ಳೆಯದಿಲ್ಲ. ಬೆಡ್‌ಶೀಟ್ ಸಾಲದು, ಎರಡು ಪದರ ಮಡಿಸಿದರೂ ಬೆಳಕು ಸೋರುತ್ತದೆ. ನಾಲ್ಕು ಬದಿಗೂ ಬರುವಂತೆ ಹೊದಿಸಿ, ಹಿಂದೆ ಮೇಲ್ಗಡೆ ಒಂದು ಅಂಗೈಯಷ್ಟು ಗಾಳಿಗೆ ಬಿಡಿ. ಬೆಟ್ಟಾ, ಗೌರಾಮಿಯಂಥವು ಮೇಲೆ ಬಂದು ಗಾಳಿ ಗುಟುಕರಿಸುವ ಮೀನುಗಳು, ಅವಕ್ಕೆ ಇದು ಉಸಿರಿನ ಪ್ರಶ್ನೆ. ಕಂಬಳಿ ಪಂಪಿನ ಮೇಲೆ ಬೀಳದಿರಲಿ.

6. ಆಹಾರ ಹಾಕಬೇಡಿ. ಆರೋಗ್ಯವಾದ ದೊಡ್ಡ ಮೀನಿಗೆ ನಾಲ್ಕು ದಿನದ ಉಪವಾಸ ತೊಂದರೆ ಕೊಡುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಮೊದಲೇ ಹೇಳಿಡಿ, ಇಲ್ಲವೆಂದರೆ ಅವರು ಪಾಪ ಅಂತ ಕಂಬಳಿ ಎತ್ತಿ ಹಾಕಿಯೇ ಹಾಕುತ್ತಾರೆ.

7. ದಿನಕ್ಕೊಮ್ಮೆ, ರಾತ್ರಿ ಕೋಣೆಯ ಲೈಟು ಮಂಕಾಗಿರುವಾಗ, ಒಂದು ಮೂಲೆ ಎತ್ತಿ ಅರೆನಿಮಿಷ ನೋಡಿ. ಎಲ್ಲ ಮೀನೂ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ. ಕಂಬಳಿ ತೆಗೆದು, ಕಾಲು ಭಾಗ ನೀರು ಬದಲಿಸಿ, ಗಾಳಿ ಹೆಚ್ಚಿಸಿ.

ಕರೆಂಟ್ ಹೋಗುವ ಊರಿನವರು ಈ ವಿಷಯದಲ್ಲಿ ತುಂಬಾ ಎಚ್ಚರವಾಗಿರಬೇಕು. ಹಸಿರು ನೀರಿನ ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ಕತ್ತಲಲ್ಲಿ ತಾನೇ ಅದನ್ನು ಬಳಸುತ್ತದೆ. ಸತ್ತು ಕೊಳೆಯುವಾಗ ಇನ್ನೂ ಹೆಚ್ಚು ಖರ್ಚಾಗುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಏರ್ ಪಂಪ್ ಎರಡು ಮೂರು ಗಂಟೆ ನಿಂತರೆ ಮೀನು ಉಳಿಯುವ ಖಾತ್ರಿಯಿಲ್ಲ. ಇನ್ವರ್ಟರ್ ಲೈನಿಗೆ ಪಂಪ್ ಹಾಕಿ, ಅಥವಾ ಬ್ಯಾಟರಿ ಪಂಪ್ ಇಟ್ಟುಕೊಳ್ಳಿ. ಎರಡೂ ಇಲ್ಲದಿದ್ದರೆ ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಇದಕ್ಕೆ ಕೈ ಹಾಕಬೇಡಿ.

ನಾಲ್ಕು ದಿನ ಕಳೆದು ಕಂಬಳಿ ತೆಗೆದಾಗ ನೀರು ತಿಳಿಯಾಗಿರಬಹುದು, ಮಾಸಲು ಬೂದಾಗಿಯೂ ಇರಬಹುದು. ಬೂದು ಎಂದರೆ ಸತ್ತ ಪಾಚಿ. ಎರಡರಲ್ಲೂ ಅಂದೇ ಅರ್ಧ ನೀರು ಬದಲಿಸಿ, ಸ್ಪಂಜನ್ನು ಮತ್ತೆ ಟ್ಯಾಂಕಿನ ನೀರಲ್ಲೇ ಹಿಂಡಿ. ಈ ಹೆಜ್ಜೆ ಬಿಟ್ಟರೆ ಸತ್ತ ಪಾಚಿಯೇ ಮುಂದಿನ ಪಾಚಿಗೆ ಗೊಬ್ಬರ. ಮೊದಲ ವಾರ ಲೈಟು 4 ಗಂಟೆ ಮಾತ್ರ, ಆಮೇಲೆ ವಾರಕ್ಕೊಂದು ಗಂಟೆಯಂತೆ ಏರಿಸಿ. ಇನ್ನೂ ತೆಳುಹಸಿರು ಉಳಿದಿದ್ದರೆ ಒಂದು ವಾರ ಮೀನಿಗೆ ವಿಶ್ರಾಂತಿ ಕೊಟ್ಟು ಇನ್ನೊಮ್ಮೆ ಮಾಡಿ.

ಯುವಿ ದೀಪ

ಕತ್ತಲೆಗೆ ಜಗ್ಗದ ನೀರಿಗೆ, ಅಥವಾ ಮುಚ್ಚಲಾಗದಷ್ಟು ದೊಡ್ಡ ಟ್ಯಾಂಕಿಗೆ ಯುವಿ, ಅಂದರೆ ಅತಿನೇರಳೆ ಕಿರಣದ ಸ್ಟೆರಿಲೈಸರ್ ನಂಬಿಕಸ್ತ ದಾರಿ. ಮುಚ್ಚಿದ ಕೊಳವೆಯೊಳಗೆ ನೀರು ನಿಧಾನ ಹರಿಯುವಾಗ 254 ನ್ಯಾನೋಮೀಟರಿನ ಕಿರಣ ಪಾಚಿಕೋಶಗಳನ್ನು ಹಾಳು ಮಾಡುತ್ತದೆ. ನೂರು ಲೀಟರಿನೊಳಗಿನ ಟ್ಯಾಂಕಿಗೆ 5 ರಿಂದ 9 ವ್ಯಾಟ್ ಸಾಕು; ಮೂರನೆಯ ದಿನದಿಂದ ವ್ಯತ್ಯಾಸ ಕಾಣುತ್ತದೆ, ವಾರದಲ್ಲಿ ನೀರು ಪೂರ್ತಿ ತಿಳಿಯಾಗುತ್ತದೆ. ಸ್ಪಂಜಿಗೆ, ಜಲ್ಲಿಗೆ ಅಂಟಿಕೊಂಡ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಇದು ತಾಗುವುದಿಲ್ಲ. ಉರಿಯುವ ದೀಪವನ್ನು ಬರಿಗಣ್ಣಿನಿಂದ ಎಂದೂ ನೋಡಬೇಡಿ, ನೀರಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ. ದೀಪ ನೀಲಿಯಾಗಿ ಉರಿಯುತ್ತಲೇ ಇದ್ದರೂ ಒಂದು ವರ್ಷಕ್ಕೆ ಅದರ ಶಕ್ತಿ ಕುಂದಿರುತ್ತದೆ, ಬದಲಿಸಬೇಕು. ಯುವಿ ಪಾಚಿಯನ್ನು ಕೊಲ್ಲುತ್ತದೆಯೇ ಹೊರತು ನೈಟ್ರೇಟನ್ನು ಕಿಂಚಿತ್ತೂ ಇಳಿಸುವುದಿಲ್ಲ. ಗೊಬ್ಬರ ಹಾಗೇ ಬಿಟ್ಟು ದೀಪ ಆರಿಸಿದರೆ ಹಸಿರು ಮತ್ತೆ ಬರುತ್ತದೆ.

ಬಾಟಲಿ ಮದ್ದುಗಳ ಬಗ್ಗೆ ನನಗೆ ಒಲವಿಲ್ಲ. ತಾಮ್ರ ಇರುವ ಪಾಚಿನಾಶಕ ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ನೀಲಿ ಹನಿ, ಅಂದರೆ ಮಿಥಿಲೀನ್ ಬ್ಲೂ, ಇದರ ಔಷಧವೇ ಅಲ್ಲ. ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ಪೆಟ್ಟು, ಸಿಲಿಕೋನ್ ಜೋಡಣೆಗೆ ಅಳಿಸದ ನೀಲಿ. ಹಿಂದೆಲ್ಲ ಕುಡಿಯುವ ನೀರಿಗೆ ಪಟಿಕ ತಿರುಗಿಸುತ್ತಿದ್ದರಲ್ಲ ಎಂದು ಟ್ಯಾಂಕಿಗೂ ಹಾಕುವವರಿದ್ದಾರೆ. ಮೆದು ನೀರಿನಲ್ಲಿ ಅದು ಪಿಎಚ್ ಅನ್ನು ಧಡಕ್ಕನೆ ಇಳಿಸಿ ನೀರನ್ನು ಆಮ್ಲೀಯವಾಗಿಸುತ್ತದೆ. ಮೀನು ಒಳಗಿರುವಾಗ ಬೇಡ.

ಮರಳಿ ಬರದಂತೆ

ಪಾಚಿಯ ಊಟವನ್ನು ಬೇರೆ ಗಿಡಕ್ಕೆ ಬಡಿಸುವುದು ನಾನು ಕಂಡ ಸುಲಭ ಉಪಾಯ. ಹಾರ್ನ್‌ವರ್ಟ್ ಒಂದು ಹಿಡಿ ತೇಲಿಬಿಟ್ಟರೆ ಮಣ್ಣೂ ಬೇಡ, ಆರೈಕೆಯೂ ಬೇಡ. ಅಂತರಗಂಗೆಯ ನಾಲ್ಕು ಗಿಡ ಮೇಲೆ ತೇಲಿದರೆ ನೆರಳೂ ಆಯಿತು, ಜೊಂಪೆ ಬೇರುಗಳು ನೈಟ್ರೇಟ್ ಹೀರಿದ್ದೂ ಆಯಿತು. ಆದರೆ ಗೋಲ್ಡ್‌ಫಿಶ್ ಇವೆಲ್ಲವನ್ನೂ ತಿಂದು ಮುಗಿಸುತ್ತದೆ. ನಮ್ಮಲ್ಲಿ ಉಳಿದದ್ದು ಮನಿಪ್ಲಾಂಟ್. ಎರಡು ಬಳ್ಳಿಯ ತುದಿ ಕತ್ತರಿಸಿ, ಗೆಣ್ಣು ಮಾತ್ರ ನೀರಿನಲ್ಲಿ, ಎಲೆಗಳೆಲ್ಲ ಹೊರಗೆ ಇರುವಂತೆ ಟ್ಯಾಂಕಿನ ಅಂಚಿಗೆ ಸಿಕ್ಕಿಸಿದೆ. ಮೂರು ವಾರಕ್ಕೆ ಬಿಳಿ ಬೇರು ಗೇಣುದ್ದ ಇಳಿದು, ಎಲೆ ಅಂಗೈಯಗಲ ಆಯಿತು. ಅಷ್ಟು ಗೊಬ್ಬರ ಆ ನೀರಲ್ಲಿತ್ತು.

ಆಹಾರ ದಿನಕ್ಕೆ ಒಂದೆರಡು ಸಲ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ವಾರಕ್ಕೊಂದು ದಿನ ಏನೂ ಬೇಡ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಎರಡಡಿ ಟ್ಯಾಂಕಿಗೆ ಮೂರು ಗೋಲ್ಡ್‌ಫಿಶ್ ಎನ್ನುವುದೇ ಜಾಸ್ತಿ. ನನ್ನ ಟ್ಯಾಂಕಿನ ಕಷ್ಟ ಶುರುವಾದದ್ದೇ ಆ ಸಂಖ್ಯೆಯಿಂದ ಎಂದು ಈಗ ಅನಿಸುತ್ತದೆ.

ಬೆಳ್ಳಗೆ ಮಬ್ಬಾಗಿದ್ದರೆ

ಟ್ಯಾಂಕು ಹೊಸದಾಗಿ ಇಟ್ಟ ಮೊದಲ ವಾರಗಳಲ್ಲಿ, ಅಥವಾ ಪೂರ್ತಿ ತೊಳೆದ ಮೇಲೆ ಬರುವ ಮಬ್ಬು ಇದು. ಕಂಬಳಿ ಹೊದಿಸಿ ಪ್ರಯೋಜನವಿಲ್ಲ, ಇವು ಬೆಳಕು ನಂಬಿ ಬದುಕುವ ಜೀವಿಗಳಲ್ಲ. ಆಹಾರ ಅರ್ಧಕ್ಕಿಳಿಸಿ, ಗಾಳಿ ಹೆಚ್ಚಿಸಿ, ಫಿಲ್ಟರ್ ಮುಟ್ಟಬೇಡಿ. ಅಮೋನಿಯಾ ಕಂಡರೆ ಮಾತ್ರ ಕಾಲು ಭಾಗ ನೀರು ಬದಲಿಸಿ. ಒಂದೆರಡು ವಾರದಲ್ಲಿ ತಾನಾಗಿ ತಿಳಿಯಾಗುತ್ತದೆ. ಸ್ನೇಹಿತರ ಹಳೆಯ ಟ್ಯಾಂಕಿನಿಂದ ಬಳಸಿದ ಸ್ಪಂಜಿನ ತುಂಡೊಂದನ್ನು ತಂದು ನಿಮ್ಮ ಫಿಲ್ಟರಿಗೆ ಸೇರಿಸಿದರೆ ಇನ್ನೂ ಬೇಗ. ಅವರ ಟ್ಯಾಂಕಿನಲ್ಲಿ ರೋಗವಿಲ್ಲ ಎಂದು ಖಚಿತ ಮಾಡಿಕೊಂಡು ತನ್ನಿ, ದಾರಿಯಲ್ಲಿ ಒಣಗಲು ಬಿಡಬೇಡಿ.

ಹೊರತೆಗೆದ ಹಸಿರು ನೀರನ್ನು ಚರಂಡಿಗೆ ಚೆಲ್ಲಬೇಡಿ. ತುಳಸಿ, ಗುಲಾಬಿ, ಕರಿಬೇವಿನ ಕುಂಡಗಳಿಗೆ ಹಾಕಿ, ವಾರದಲ್ಲಿ ಚಿಗುರು ನೋಡಿ. ಹೆಚ್ಚಾದ ಅಂತರಗಂಗೆಯನ್ನು ಮಾತ್ರ ಕೆರೆಗೆ ಬಿಡಬೇಡಿ, ನಾಲ್ಕು ಗಿಡ ಅಲ್ಲಿ ಹಬ್ಬಿ ನೀರು ಮುಚ್ಚುತ್ತದೆ. ಬಿಸಿಲಲ್ಲಿ ಒಣಗಿಸಿ ಅದೇ ಕುಂಡದ ಮಣ್ಣಿಗೆ ಸೇರಿಸಿ.